ಪದ ಬೇಕು: ‘ಆಂಟಿಜನ್ ಪ್ರೊಸೆಸಿಂಗ್’

ನಮಸ್ಕಾರ. ರೋಗನಿರೋಧಕ ಶಕ್ತಿಯ ಬಗ್ಗೆ ಒಂದು ಪುಸ್ತಕ ಅನುವಾದಿಸುತ್ತಿದ್ದೇನೆ. ಚಿತ್ರಗಳ ಅಡಿಬರಹ ನಾಳೆಯೊಳಗೆ ಕೊಡಬೇಕು. ಆಂಟಿಜನ್ ಅಂದರೆ ರೋಗನಿರೋಧಕ ವ್ಯವಸ್ಥೆ ಗುರುತು ಹಿಡಿಯುವ ವಸ್ತು. ಚಿತ್ರದಲ್ಲಿರುವುದು ಇದು: ಜೀವಕೋಶದೊಳಗಿನ ಪ್ರೋಟೀನನ್ನು ಪ್ರೋಟಿಯಾಸೋಮ್ ಎಂಬ ಕಿಣ್ವಗಳ ಕೂಟ ಕತ್ತರಿಸುತ್ತದೆ. ಚೂರುಗಳನ್ನು ಟ್ಯಾಪ್ ಎಂಬ ಸಾಗಣೆ ಪ್ರೋಟೀನು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಕೋಶದೊಳಗಿನ ಪೊರೆಜಾಲದ ಒಳಕ್ಕೆ ದಾಟಿಸುತ್ತದೆ. ಅಲ್ಲಿ 8ರಿಂದ 10 ಅಮೈನೋ ಆಮ್ಲ ಉದ್ದದ ಚೂರೊಂದು ಎಂಎಚ್‌ಸಿ (ಚೂರನ್ನು ಟಿ ಕೋಶಕ್ಕೆ ತೋರಿಸುವ ಪ್ರೋಟೀನು) ಒಂದನೇ ವರ್ಗದ ಅಣುವಿನ ಸೀಳಿನಲ್ಲಿ ಕೂರುತ್ತದೆ. ಎರಡೂ ಸೇರಿ ಕೋಶದ ಮೇಲ್ಮೈಗೆ ಬಂದಾಗ ಸಿಡಿ8 ಟಿ ಕೋಶ (ಸೋಂಕಿತ ಕೋಶವನ್ನು ಕೊಲ್ಲುವ ಬಿಳಿ ರಕ್ತಕಣ) ಗುರುತು ಹಿಡಿಯುತ್ತದೆ. ‘ಪ್ರತಿಜನಕ ಸಂಸ್ಕರಣೆ’ ಅಂದರೆ ಸಾಕಾ?

ಉತ್ತರ:
ಸಾಲದು. ಸಂಸ್ಕರಿಸು ಅಂದರೆ ಶುದ್ಧ ಮಾಡು, ಉತ್ತಮಪಡಿಸು. ಇಲ್ಲಿ ನಡೆಯುವುದು ಕತ್ತರಿಸುವ ಕೆಲಸ. ‘ತುಂಡರಿಕೆ’ ಎನ್ನಿ, ಮುಂದಿನ ಹಂತಕ್ಕೆ ‘ತೋರ್ಪಡಿಕೆ’. ‘ಪ್ರತಿಜನಕ’ವೂ ನನಗೆ ಒಪ್ಪಿಗೆಯಿಲ್ಲ. ಅದರ ‘ಪ್ರತಿ’ ಪ್ರತಿಕಾಯದಿಂದ (ಆಂಟಿಬಾಡಿ) ಬಂದದ್ದು. ಕೊಲ್ಲುವ ಟಿ ಕೋಶ ಪ್ರತಿಕಾಯ ತಯಾರಿಸುವುದೇ ಇಲ್ಲ.

ಉತ್ತರ:
> ‘ತುಂಡರಿಕೆ’ ಎನ್ನಿ
ಇದು ಅರ್ಧ ಕೆಲಸದ ಹೆಸರು. ರೆಟಿಕ್ಯುಲಮ್ ಒಳಗೆ ಹೋದ ಮೇಲೂ ಉದ್ದ ಜಾಸ್ತಿಯಿದ್ದ ಚೂರಿನ ತುದಿಯನ್ನು ಕಿಣ್ವಗಳು ಸವರುತ್ತವೆ. ಎಂಎಚ್‌ಸಿ ಎರಡನೇ ವರ್ಗದ ದಾರಿಯೇ ಬೇರೆ. ಕೋಶ ಹೊರಗಿಂದ ನುಂಗಿದ ಪ್ರೋಟೀನು ಎಂಡೋಸೋಮ್ ಎಂಬ ಕೋಶದೊಳಗಿನ ಆಮ್ಲೀಯ ಚೀಲದಲ್ಲಿ ಕಿಣ್ವಗಳಿಂದ ಒಡೆಯುತ್ತದೆ. ಅಷ್ಟರವರೆಗೆ ಎಂಎಚ್‌ಸಿಯ ಸೀಳನ್ನು ಇನ್ನೊಂದು ಸರಪಳಿ ಮುಚ್ಚಿರುತ್ತದೆ. ಆ ಸರಪಳಿಯೂ ತುಂಡಾಗಿ, ಕ್ಲಿಪ್ ಎಂಬ ಚೂರು ಮಾತ್ರ ಸೀಳಿನಲ್ಲಿ ಉಳಿಯುತ್ತದೆ. ಅದನ್ನು ತೆಗೆದ ಮೇಲೇ ಬೇರೆ ಚೂರಿಗೆ ಜಾಗ. ಇದನ್ನೆಲ್ಲ ತುಂಡರಿಕೆ ಅನ್ನಲಾಗದು. ‘ಅಣಿಗೊಳಿಕೆ’ ಸರಿಯಾದ ಪದ. ಮೇಲ್ಮೈಗೆ ಬರುವ ಮುಂಚಿನ ಎಲ್ಲ ಹಂತಗಳೂ ಅದರಲ್ಲಿ ಬರುತ್ತವೆ.

ಉತ್ತರ:
ಇಬ್ಬರೂ ಸುಮ್ನೆ ಪದ ಹೊಸೆಯುತ್ತಿದ್ದೀರಿ. ‘ದತ್ತಾಂಶ ಸಂಸ್ಕರಣೆ’ ಬಳಕೆಯಲ್ಲಿದೆ. ಅಲ್ಲಿ ಯಾರೂ ಏನನ್ನೂ ಶುದ್ಧ ಮಾಡುತ್ತಿಲ್ಲ. ಪದದ ಅರ್ಥ ಹಿಗ್ಗಿದೆ, ಒಪ್ಪಿಕೊಳ್ಳಿ. ಪ್ರೋಟೀನು, ಟ್ಯಾಪ್, ಕ್ಲಿಪ್ ಎಲ್ಲ ಎರವಲು ನಡೆಯುತ್ತೆ, ಸಂಸ್ಕೃತದ್ದು ಮಾತ್ರ ನಡೆಯಲ್ಲ ಅಂದರೆ ಅದು ಯಾವ ನ್ಯಾಯ?

ಉತ್ತರ:
ವಸ್ತುವಿನ ಹೆಸರು ಬೇರೆ, ಕೆಲಸದ ಹೆಸರು ಬೇರೆ. ಪ್ರೋಟಿಯಾಸೋಮನ್ನು ನಾವು ಕಂಡುಹಿಡಿದಿಲ್ಲ, ಹೆಸರು ಬಂದಂತೆ ಇರಲಿ. ಕತ್ತರಿಸು, ಸವರು, ತೋರಿಸು ನಮ್ಮವೇ ಅಲ್ವಾ? ಅವನ್ನು ಬಿಟ್ಟು ಎರವಲಿಗೆ ಹೋಗುವುದು ಸೋಮಾರಿತನ.

ಉತ್ತರ:
ಎಲ್ಲರಿಗೂ ಧನ್ಯವಾದ. ‘ಪ್ರತಿಜನಕ’ ಶಾಲೆಯಲ್ಲೇ ಕಲಿತ ಪದ, ಅದನ್ನು ಬಿಡುವುದಿಲ್ಲ. ‘ಪ್ರತಿಜನಕದ ಅಣಿಗೊಳಿಕೆ ಮತ್ತು ತೋರ್ಪಡಿಕೆ’ ಎಂದು ಹಾಕುತ್ತೇನೆ. ಪ್ರೋಟಿಯಾಸೋಮ್ ಹಂತದ ಬಾಣದ ಪಕ್ಕದಲ್ಲಿ ‘ತುಂಡರಿಕೆ’ ಇರುತ್ತದೆ.