ಮಣ್ಣಿನ ಪಿನ್‌ಹೋಲ್ ಕ್ಯಾಮೆರಾ: ರಂಧ್ರವನ್ನು ಯಾವಾಗ ಮಾಡಬೇಕು?

ಪ್ರಶ್ನೆ (ಸಾಗರ): ಮುಚ್ಚಳವಿರುವ ಮಣ್ಣಿನ ಡಬ್ಬಿಯನ್ನು ಪಿನ್‌ಹೋಲ್ ಕ್ಯಾಮೆರಾ (ಮಸೂರದ ಬದಲು ಸೂಕ್ಷ್ಮ ರಂಧ್ರದಿಂದ ಬೆಳಕು ಬಿಟ್ಟು ಚಿತ್ರ ತೆಗೆಯುವ ಪೆಟ್ಟಿಗೆ) ಮಾಡಲೆಂದು ಹಸಿಯಲ್ಲೇ ಸೂಜಿಯಿಂದ ಚುಚ್ಚಿದ ರಂಧ್ರವು ಸುಟ್ಟ ಮೇಲೆ ಗ್ಲೇಜಿನಿಂದ (ಸುಟ್ಟಾಗ ಕರಗಿ ಗಾಜಿನಂತಾಗುವ ಲೇಪದಿಂದ) ಮುಚ್ಚಿಹೋಯಿತು. ತಿಳಿದವರು ದಾರಿ ತೋರಿಸಬೇಕು.

ಉತ್ತರ (ತೀರ್ಥಹಳ್ಳಿ): ಮಣ್ಣಿನಲ್ಲಿ ಸೂಕ್ಷ್ಮ ರಂಧ್ರ ಬೇಡವೇ ಬೇಡ, ಏಕೆಂದರೆ ಗೋಡೆಯ ದಪ್ಪವು ಓರೆಯಾಗಿ ಬರುವ ಬೆಳಕನ್ನು ತಡೆದು ಚಿತ್ರದ ಅಂಚುಗಳನ್ನು ನುಂಗುತ್ತದೆ. ಹಸಿಯಲ್ಲಿ ಬೆರಳಗಲದ ತೂತು ಬಿಟ್ಟು, ಸುಟ್ಟ ನಂತರ ತಂಪು ಪಾನೀಯದ ಡಬ್ಬಿಯ ತೆಳು ತಗಡಿಗೆ ಸೂಜಿಯಿಂದ ರಂಧ್ರ ಮಾಡಿ ಒಳಗಿನಿಂದ ಅಂಟಿಸಿರಿ. ಅಲ್ಲಿಂದ ಫೋಟೊ ಕಾಗದಕ್ಕೆ 100 ಮಿ.ಮೀ. ದೂರವಿದ್ದರೆ ಸುಮಾರು 0.4 ಮಿ.ಮೀ. ವ್ಯಾಸ ಸರಿಹೋಗುತ್ತದೆ.

ಉತ್ತರ (ಹೊಸನಗರ): ಮುಚ್ಚಳವನ್ನು ಡಬ್ಬಿಯ ಮೇಲಿಟ್ಟೇ ಸುಡಿರಿ, ಕೂಡುವ ಅಂಚಿಗೆ ಮಾತ್ರ ಗ್ಲೇಜ್ ಹಚ್ಚಬೇಡಿರಿ. ಒಳಗೆ ಹೊಳಪಿಲ್ಲದ ಕಪ್ಪು ಬಣ್ಣವಿರಲಿ. ನಮ್ಮ ಆಷಾಢದ ಮಳೆಯಲ್ಲಿ ಹೊರಗೆ ಒಣಗಿದಂತೆ ಕಂಡರೂ ಒಳಗೆ ತೇವ ಉಳಿದ ಮಣ್ಣನ್ನು ನಂಬಿ ನಾನು ಎರಡು ಡಬ್ಬಿಗಳನ್ನು ಸುಡುವ ಗೂಡಿನಲ್ಲೇ ಸಿಡಿಸಿಕೊಂಡಿದ್ದೇನೆ.