‘ಮುತ್ತು ಕಟ್ಟಲಾಯಿತು’: ಕಟ್ಟಿದವರು ಯಾರು?

ಸವದತ್ತಿಯ ಕಡೆಯ ಶಿಕ್ಷಕಿ:
ಶಾಲೆಯ ಸ್ಮರಣ ಸಂಚಿಕೆಗೆ ನಮ್ಮೂರಿನ ದೇವದಾಸಿ ಪದ್ಧತಿಯ ಬಗ್ಗೆ ಬರೆಯುತ್ತಿದ್ದೇನೆ. ‘ಹುಡುಗಿಯರಿಗೆ ಮುತ್ತು ಕಟ್ಟಲಾಯಿತು’, ಅಂದರೆ ದೇವಿಗೆ ಬಿಟ್ಟು ದೇವದಾಸಿಯರನ್ನಾಗಿ ಮಾಡಲಾಯಿತು, ಎಂದಾಗ ಹಿರಿಯರೆಲ್ಲ ಒಪ್ಪಿದರು. ‘ನಮ್ಮೂರಿನವರು ಕಟ್ಟಿದರು’ ಎಂದು ತಿದ್ದಿದ್ದೇ ತಡ, ಊರಿನ ಮರ್ಯಾದೆ ಹೋಯಿತೆಂದು ಕೂಗಾಟ. ಯಾವುದನ್ನು ಉಳಿಸಲಿ?

ಬಾಗಲಕೋಟೆಯಿಂದ:
ಎರಡನೆಯದನ್ನೇ. ಆದರೆ ‘ಕಳಂಕಿತ ಊರು’ ಎಂದು ಬರೆಯಬೇಡಿ. ಹಣೆಪಟ್ಟಿ ಹಚ್ಚಿದರೆ ಜನ ನಾಚಿ ಮುಖ ಮುಚ್ಚಿಕೊಳ್ಳುತ್ತಾರೆ, ಇಲ್ಲವೇ ಜಗಳಕ್ಕೆ ನಿಲ್ಲುತ್ತಾರೆ. ಮಾಡಿದ ಕೆಲಸವನ್ನು ಹೆಸರಿಸಿದರೆ, ನೊಂದವರಿಗೆ ಈಗ ಏನು ಮಾಡಬೇಕೆಂದು ಕೇಳುವವರು ಒಬ್ಬಿಬ್ಬರಾದರೂ ಸಿಗುತ್ತಾರೆ.

ವಿಜಯಪುರದಿಂದ:
ಅಕ್ಕಾವರೇ, ಆಗ ಹುಟ್ಟಿಯೇ ಇರದ ನನ್ನ ಮೇಲೇಕೆ ಪಾಪ?

ಶಿಕ್ಷಕಿ:
ತಮ್ಮಾ, ಪಾಪ ಎಂದವರು ಯಾರು? ನಾನು ಹೇಳುವುದು ಹೊಣೆಯ ಮಾತು. ಮುಂಬಯಿ ಪ್ರಾಂತದಲ್ಲಿ 1934ರಲ್ಲೇ ಇದನ್ನು ತಡೆಯುವ ಕಾಯ್ದೆ ಬಂದಿತ್ತು. ಕರ್ನಾಟಕ 1982ರಲ್ಲಿ ಮತ್ತೊಂದು ಮಾಡಬೇಕಾಯಿತು. ‘ಅಜ್ಞಾನದ ಕಾಲ’ ಎನ್ನಲು ನನಗೆ ಬಾಯಿ ಬರುವುದಿಲ್ಲ. ಎಲ್ಲಮ್ಮನ ಜಾತ್ರೆಗೆ ಹೊರಟಾಗ ‘ನಮ್ಮೂರಿನ ಬಂಡಿ’ ಎಂದು ಬೀಗುವವರೇ ಇಲ್ಲಿ ಮಾತ್ರ ‘ಆ ಕಾಲದವರು’ ಎನ್ನುತ್ತಾರೆ! ಇರಲಿ. ಮಾಜಿ ದೇವದಾಸಿಯೊಬ್ಬರು ಕರಡನ್ನು ಕೇಳಿಸಿಕೊಳ್ಳಲು ಒಪ್ಪಿದ್ದಾರೆ. ಸಮಿತಿಗಿಂತ ಮೊದಲು ಅವರಿಗೇ ಓದಿ ಹೇಳುತ್ತೇನೆ.