ಪತ್ತೇದಾರಿ, ಭಯಾನಕ, ಭಕ್ತಿ: ಮೂರಕ್ಕೂ ಒಂದೇ ಬಗೆಯ ಟಿಪ್ಪಣಿ ಆಗುತ್ತದೆಯೇ?

ಪುಟತಿರುವು:
ಕಥಾಸಾರ, ಇಷ್ಟವಾದ ಸಾಲು, ಐದಕ್ಕೆ ಇಷ್ಟು ಸ್ಟಾರ್. ಓದಿದ ಪುಸ್ತಕದ ಬಗ್ಗೆ ಬರೆಯುವಾಗ ಈ ಅಚ್ಚು ಮೂರು ಬಗೆಗೂ ಒಗ್ಗುತ್ತಿಲ್ಲ. ಪತ್ತೇದಾರಿಯಲ್ಲಿ ಗುಟ್ಟು ಬಿಟ್ಟುಕೊಡದೆ ಏನು ಬರೆಯಬಹುದು? ಭಯಾನಕ ಕಥೆ ಓದಿ ಹೆದರಿಕೆಯೇ ಆಗದಿದ್ದರೆ ತಪ್ಪು ಪುಸ್ತಕದ್ದೋ, ಓದಿದ ರೀತಿಯದ್ದೋ? ಭಕ್ತಿ ಪುಸ್ತಕಕ್ಕೆ ಸ್ಟಾರ್ ಕೊಡುವುದು ಸರಿಯೇ?

ಅಡಿಟಿಪ್ಪಣಿ:
ಪತ್ತೇದಾರಿಯ ಮಟ್ಟಿಗೆ ಹೇಳುತ್ತೇನೆ. ಮುಗಿಸಿದ ಮೇಲೆ ಟಿಪ್ಪಣಿಗೆ ಕೂತರೆ ತಡವಾಯಿತು. ಉತ್ತರ ಗೊತ್ತಾದವರಿಗೆ ಎಲ್ಲ ಸುಳಿವೂ ಢಾಳಾಗಿಯೇ ಕಾಣುತ್ತದೆ. ಮುಕ್ಕಾಲು ಭಾಗ ಆದಾಗ, ಗುಟ್ಟು ಬಿಚ್ಚುವ ಅಧ್ಯಾಯಕ್ಕೆ ಮುಂಚೆ, ಪುಸ್ತಕ ಮುಚ್ಚಿ ಬರೆದಿಡಿ: ಯಾರ ಮೇಲೆ ಅನುಮಾನ, ಯಾವ ಸುಳಿವಿನಿಂದ, ಎಷ್ಟನೇ ಪುಟ. ಆ ಸುಳಿವು ನಿರೂಪಣೆಯಲ್ಲಿ ಬಂದದ್ದೋ, ಪಾತ್ರವೊಂದು ಬಾಯಲ್ಲಿ ಹೇಳಿದ್ದೋ ಎಂದೂ ಗುರುತಿಸಿ. ಎಡವುವುದು ಹೆಚ್ಚಾಗಿ ಇಲ್ಲೇ, ಪಾತ್ರದ ಹೇಳಿಕೆಯನ್ನು ನಡೆದ ಸಂಗತಿ ಎಂದೇ ನಂಬಿಬಿಡುತ್ತೇವೆ. ('ನಾನು' ಎಂದು ಕಥೆ ಹೇಳುವವರೂ ಒಂದು ಪಾತ್ರವೇ.)

ಲೇಖಕರು ನ್ಯಾಯವಾಗಿ ಆಡಿದ್ದಾರೆಯೇ ಎಂದು ನೋಡಲು ಇಂಗ್ಲಿಷ್ ಪತ್ತೇದಾರಿ ಲೇಖಕ ರೊನಾಲ್ಡ್ ನಾಕ್ಸ್ 1929ರಲ್ಲಿ ಕೊಟ್ಟ 10 ನಿಯಮಗಳಲ್ಲಿ ಎರಡು ಸಾಕು: ಅಪರಾಧಿ ಕಥೆಯ ಆರಂಭದ ಭಾಗದಲ್ಲೇ ಕಾಣಿಸಿಕೊಂಡಿರಬೇಕು, ಪತ್ತೇದಾರನಿಗೆ ಸಿಕ್ಕ ಸುಳಿವು ಕೂಡಲೇ ಓದುಗರಿಗೂ ಸಿಗಬೇಕು. ಬೇರೆಯವರು ಓದಲೆಂದು ಬರೆಯುವಾಗ ಮೊದಲ ಕಾಲುಭಾಗದಾಚೆಯ ಘಟನೆ ಎತ್ತಬೇಡಿ. 'ಕೊನೆಯ ತಿರುವು ಊಹಿಸಲಾರಿರಿ' ಎನ್ನುವುದೂ ಬೇಡ. ತಿರುವಿದೆ ಎಂದು ತಿಳಿದವರು ಅದನ್ನೇ ಹುಡುಕುತ್ತಾ ಓದುತ್ತಾರೆ.

ಕತ್ತಲಕೋಣೆ:
ಹೆದರಿಕೆಯ ಬಗ್ಗೆ ತೀರ್ಪು ಕೊಡುವ ಮುಂಚೆ ಭಯ, ಜುಗುಪ್ಸೆ ಎರಡನ್ನೂ ಬೇರೆ ಮಾಡಿ. ನಾಟ್ಯಶಾಸ್ತ್ರ ಭಯಾನಕವನ್ನೂ ಬೀಭತ್ಸವನ್ನೂ ಬೇರೆ ಬೇರೆ ರಸ ಎಂದೇ ಎಣಿಸಿದೆ. ರಕ್ತ, ಕೊಳೆತ ದೇಹ ಪುಟಗಟ್ಟಲೆ ಇದ್ದರೆ ಹೇಸಿಗೆ ಹುಟ್ಟೀತು, ಭಯವೇ ಹುಟ್ಟಬೇಕೆಂದಿಲ್ಲ. ಸಾಹಿತ್ಯ ವಿಮರ್ಶಕ ಟೊಡೊರೊವ್ 1970ರಲ್ಲಿ ಗುರುತಿಸಿದ ಅನುಮಾನವೂ ಉಪಯೋಗಕ್ಕೆ ಬರುತ್ತದೆ: ನಡೆದದ್ದಕ್ಕೆ ಸಹಜ ಕಾರಣವಿದೆಯೋ, ಇಲ್ಲವೋ? ಆ ತೂಗಾಟ ಎಷ್ಟನೇ ಪುಟದಲ್ಲಿ ನಿಂತಿತು ಎಂದು ಬರೆದಿಡಿ. ಅರ್ಧದಲ್ಲೇ ನಿಂತು, ಆಮೇಲೆ ಬರೀ ಓಡಾಟ ಉಳಿದಿದ್ದರೆ ತಪ್ಪು ಪುಸ್ತಕದ್ದು. ಹತ್ತು ಹತ್ತು ನಿಮಿಷಕ್ಕೆ ಫೋನ್ ನೋಡುತ್ತಾ ಓದಿದ್ದರೆ ಪುಸ್ತಕವನ್ನು ದೂರಬೇಡಿ. ಸಣ್ಣಕಥೆಯನ್ನಂತೂ ಒಂದೇ ಕೂರಿಕೆಯಲ್ಲಿ ಮುಗಿಸಬೇಕು.

ಮೆಲುದನಿ:
ಭಕ್ತಿ ಪುಸ್ತಕಕ್ಕೆ ಸ್ಟಾರ್ ಬೇಡ ಎನ್ನುವವರ ಜೊತೆ ನಾನು ಅರ್ಧ ಒಪ್ಪುತ್ತೇನೆ. ಮೂಲಪದ್ಯಕ್ಕೆ ಬೇಡ. ಆದರೆ ಅನುವಾದ, ಟೀಕೆ (ಅಂದರೆ ವ್ಯಾಖ್ಯಾನ), ಸಂಪಾದನೆ ಮನುಷ್ಯರ ಕೆಲಸ, ಅದನ್ನು ಧಾರಾಳವಾಗಿ ತೂಗಿ. ಕಷ್ಟದ ಪದಕ್ಕೆ ಅರ್ಥವಿದೆಯೇ? ಮೂಲ ಎಲ್ಲಿ ಮುಗಿದು ವ್ಯಾಖ್ಯಾನ ಎಲ್ಲಿ ಶುರುವಾಯಿತು ಎಂಬುದು ಅಚ್ಚಿನಲ್ಲೇ ತಿಳಿಯುತ್ತದೆಯೇ? ಮೂಲದ ಪಠ್ಯ ಯಾವ ಹಸ್ತಪ್ರತಿಯದು, ಯಾವ ಮುದ್ರಣದ್ದು ಎಂದು ಹೇಳಿದ್ದಾರೆಯೇ?

ಓದುವ ಕ್ರಮ ಬೃಹದಾರಣ್ಯಕ ಉಪನಿಷತ್ತಿನಲ್ಲೇ ಇದೆ: ಶ್ರವಣ (ಕೇಳುವುದು), ಮನನ (ಯೋಚಿಸುವುದು), ನಿದಿಧ್ಯಾಸನ (ಆಳವಾಗಿ ಧ್ಯಾನಿಸುವುದು). ದಿನಕ್ಕೆ ಒಂದೇ ಪದ್ಯ ಅಥವಾ ಒಂದೇ ವಚನ. ಮೊದಲು ಗಟ್ಟಿಯಾಗಿ ಎರಡು ಸಲ, ಆಮೇಲೆ ಪದಶಃ ಅರ್ಥ, ಟೀಕೆ ಕೊನೆಗೆ. ಟೀಕೆಯಿಂದಲೇ ಶುರು ಮಾಡಿದರೆ ಟೀಕಾಕಾರರ ಭಾವವೇ ನಿಮ್ಮದಾಗಿ ಕೂರುತ್ತದೆ. ಪತ್ತೇದಾರಿಯ ವೇಗದಲ್ಲಿ 40 ಪುಟ ಓದಿದರೆ ಪದ್ಯಗಳೆಲ್ಲ ಒಂದರೊಳಗೊಂದು ಕಲಸಿಹೋಗುತ್ತವೆ.

ಪುಟತಿರುವು:
ಮೂವರಿಗೂ ಧನ್ಯವಾದ. ಅಡಿಟಿಪ್ಪಣಿಯವರೇ, ಇ-ಪುಸ್ತಕದಲ್ಲಿ ಅಕ್ಷರದ ಗಾತ್ರ ಬದಲಿಸಿದರೆ ಪುಟವೂ ಬದಲಾಗುತ್ತದಲ್ಲ?

ಅಡಿಟಿಪ್ಪಣಿ:
ಹೌದು. ಅಧ್ಯಾಯದ ಸಂಖ್ಯೆ, ಜೊತೆಗೆ ಆ ವಾಕ್ಯದ ಮೊದಲ ನಾಲ್ಕು ಪದ ಬರೆದಿಡಿ. ಹುಡುಕಿದರೆ ಸಿಗುತ್ತದೆ.